ಗ್ರಿಲ್ ಮೇಲಿನ ಲೋಗೋ: ಅಂಟಿಸುವುದೋ, ಕಟ್ಟುವುದೋ, ಬಿಗಿಯುವುದೋ?

ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ ಎಲ್ಲೇ ನಿಂತರೂ ಕೊಡವರ ಸಾಂಪ್ರದಾಯಿಕ ಕತ್ತಿಗಳಾದ ಪೀಚೆಕತ್ತಿಯದೋ ಒಡಿಕತ್ತಿಯದೋ ಲೋಗೋ ಹೊತ್ತ ಜೀಪೊಂದು ಕಣ್ಣಿಗೆ ಬೀಳುತ್ತದೆ. ಮೇ ತಿಂಗಳಲ್ಲಿ ಮಿಂಚುತ್ತಿದ್ದ ಲೋಗೋ ಕೈಲ್‌ಪೊಳ್ದ್ (ಸೆಪ್ಟೆಂಬರಿನ ಕೊಡವ ಹಬ್ಬ) ಹೊತ್ತಿಗೆ ಮಾಯವಾಗಿ, ಗ್ರಿಲ್ ಮೇಲೆ ಕಪ್ಪು ಟೇಪಿನ ಎರಡು ತುಂಡು ಮಾತ್ರ ಉಳಿದಿರುವುದೂ ಉಂಟು. ಮಾರುವವರು ಹಿಂದೆ ಟೇಪ್ ಹಚ್ಚಿಯೇ ಕೊಡುತ್ತಾರೆ. ಡಿಕ್ಕಿಗೆ, ಬಾನೆಟ್ಟಿಗೆ ಅದು ಸಾಕು. ಆದರೆ ಗ್ರಿಲ್ ಗೋಡೆಯಲ್ಲ, ಬಾಚಣಿಗೆ. ಕಡ್ಡಿಗಳ ನಡುವಿನ ಖಾಲಿ ಜಾಗಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಟೇಪ್, ಗಮ್, ಕೇಬಲ್ ಟೈ, ಅಯಸ್ಕಾಂತ, ನಟ್-ಬೋಲ್ಟ್ ಎಲ್ಲವನ್ನೂ ಹಾಕಿ ನೋಡಿದಾಗ ವ್ಯತ್ಯಾಸ ಹುಟ್ಟಿದ್ದೇ ಇಲ್ಲಿಂದ.

ಮೊದಲು ತೂಕ. ಅಂಗೈಯಗಲದ ಲೋಗೋದ ಕೊರೆದ ಭಾಗ ಬಿಟ್ಟು 40 ಚದರ ಸೆಂ.ಮೀ. ಲೋಹ ಉಳಿದಿದೆ, ದಪ್ಪ 5 ಮಿ.ಮೀ. ಎಂದಿಟ್ಟುಕೊಳ್ಳಿ. ಹಿತ್ತಾಳೆಯಾದರೆ ಸುಮಾರು 170 ಗ್ರಾಂ, ಅಲ್ಯೂಮಿನಿಯಂ ಆದರೆ 54, ಅಕ್ರಿಲಿಕ್ ಆದರೆ 24. ಕೈಯಲ್ಲಿ ಹಿಡಿದಾಗ ಇದು ದೊಡ್ಡ ಭಾರವೇನಲ್ಲ. ತೋಟದ ದಾರಿಯಲ್ಲಿ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಅದೇ ಭಾರ ಸುತ್ತಿಗೆಯ ಹಾಗೆ ಜಗ್ಗುತ್ತದೆ. ಅಕ್ರಿಲಿಕ್‌ಗೆ ಸಾಕಾಗುವ ಉಪಾಯ ಹಿತ್ತಾಳೆಗೆ ಸಾಲದಿರುವುದು ಇದಕ್ಕೇ.

ಟೇಪಿನ ವಿಷಯಕ್ಕೆ ಬಂದರೆ, ಸ್ಟೇಷನರಿ ಅಂಗಡಿಯ ಬಿಳಿ ಫೋಮ್ ಟೇಪನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ; ಅದು ನೀರು ಕುಡಿದು ಮೆತ್ತಗಾಗುತ್ತದೆ. ಹೋಲಿಸಬೇಕಾದದ್ದು 1.1 ಮಿ.ಮೀ. ದಪ್ಪದ ಅಕ್ರಿಲಿಕ್ ಫೋಮ್ ಟೇಪನ್ನು. 3ಎಂ ಕಂಪನಿಯ ವಿಎಚ್‌ಬಿ ಈ ಬಗೆಯದು. ಇಂಥ ಟೇಪಿಗೆ ಸುಮ್ಮನೆ ನೇತಾಡುವ ಭಾರ ಪ್ರತಿ ಕಿಲೋಗೆ ಸುಮಾರು 55ರಿಂದ 60 ಚದರ ಸೆಂ.ಮೀ. ಅಂಟು ಬೇಕೆಂಬುದು ಲೆಕ್ಕ. ನಮ್ಮ 170 ಗ್ರಾಂ ಹಿತ್ತಾಳೆಗೆ 10 ಚದರ ಸೆಂ.ಮೀ. ಸಾಕಾಯಿತು, ಕುಲುಕಾಟಕ್ಕೆಂದು ಇಮ್ಮಡಿ ಹಿಡಿಯೋಣ, 20. ಲೋಗೋ ಅಡಿಯಲ್ಲಿ 8 ಸೆಂ.ಮೀ. ಉದ್ದಕ್ಕೆ ಎರಡು ಕಡ್ಡಿ ಸಿಗುತ್ತವೆ, ಒಂದೊಂದು 12 ಮಿ.ಮೀ. ಅಗಲ ಎಂದರೆ 19 ಚದರ ಸೆಂ.ಮೀ. ಕಾಗದದ ಮೇಲೆ ಸರಿಹೋಯಿತು. ಆದರೆ ಹೆಚ್ಚಿನ ಗ್ರಿಲ್‌ಗಳಲ್ಲಿ ಕಡ್ಡಿಯ ಮುಖ ಉಬ್ಬಿರುತ್ತದೆ. ಟೇಪ್ ಮುಟ್ಟುವುದು ನಡುವಿನ ಮೂರ್ನಾಲ್ಕು ಮಿ.ಮೀ. ಗೆರೆಯನ್ನು ಮಾತ್ರ, ಅಂದರೆ 6 ಚದರ ಸೆಂ.ಮೀ. ಸುತ್ತಮುತ್ತ. ಉಳಿದ ಸಂದಿಗೆ ಮಳೆನೀರೂ ಕೆಂಪು ಕೆಸರೂ ಸೇರಿ ಅಂಚಿನಿಂದ ಸುಲಿಯಲು ಶುರುಮಾಡುತ್ತವೆ. ಇನ್ನು ತರಿತರಿಯಾದ, ಬಣ್ಣ ಹೊಡೆಯದ ಕಪ್ಪು ಪಾಲಿಪ್ರೊಪಿಲೀನ್ ಗ್ರಿಲ್ ಆದರೆ ಪ್ರೈಮರ್ (ಅಂಟು ಹಿಡಿಯಲೆಂದು ಮೊದಲು ಬಳಿಯುವ ದ್ರಾವಣ) ಇಲ್ಲದೆ ಟೇಪ್ ಹಿಡಿಯುವುದೇ ಇಲ್ಲ.

ಅಕ್ರಿಲಿಕ್ ಲೋಗೋ, ಚಪ್ಪಟೆ ಕ್ರೋಮ್ ಕಡ್ಡಿ ಇದ್ದರೆ ಟೇಪ್ ಧಾರಾಳವಾಗಿ ಸಾಕು. ಹಚ್ಚುವ ಕ್ರಮ ಮಾತ್ರ ಸರಿಯಿರಬೇಕು. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮಸಮ ಬೆರೆಸಿ ಒರೆಸಿ. ಪೆಟ್ರೋಲ್, ಡೀಸೆಲ್ ಬೇಡ, ಎಣ್ಣೆ ಪಸೆ ಉಳಿಯುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್ ಬಿದ್ದಿದ್ದ ಗ್ರಿಲ್ ಆದರೆ ಎರಡು ಸಲ ಒರೆಸಬೇಕು. ಡಿಸೆಂಬರ್, ಜನವರಿಯ ಬೆಳಿಗ್ಗೆ ಮಡಿಕೇರಿ, ಸೋಮವಾರಪೇಟೆಯ ಚಳಿಯಲ್ಲಿ ಹಚ್ಚಬೇಡಿ: 10 ಡಿಗ್ರಿಗಿಂತ ಕೆಳಗೆ ಅಂಟು ಗಟ್ಟಿಯಾಗಿ, ಮೇಲ್ಮೈಗೆ ಹರಡಿಕೊಳ್ಳುವುದಿಲ್ಲ. ಬಿಸಿಲೇರಿದ ಮೇಲೆ, ಇಲ್ಲವೇ ಹೇರ್ ಡ್ರೈಯರ್‌ನಿಂದ ಗ್ರಿಲ್ ಉಗುರುಬೆಚ್ಚಗೆ ಮಾಡಿ ಹಚ್ಚಿ. ಒಂದೊಂದು ಜಾಗದಲ್ಲೂ ಹೆಬ್ಬೆರಳಿಟ್ಟು 15 ಸೆಕೆಂಡು ಒತ್ತಿ. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು. ಅಲ್ಲಿಯವರೆಗೆ ವಾಟರ್ ಸರ್ವಿಸ್ ಬೇಡ. ಜುಲೈನಲ್ಲಿ, ಶೆಡ್ಡಿನೊಳಗೂ ಗಾಳಿಯೆಲ್ಲ ಒದ್ದೆಯಿರುವಾಗ, ಈ ಕೆಲಸಕ್ಕೇ ಕೈಹಾಕದಿರುವುದು ಒಳ್ಳೆಯದು.

ಅರಾಲ್ಡೈಟ್‌ನಂಥ ಎಪಾಕ್ಸಿ ಗಟ್ಟಿ ಎಂಬ ನಂಬಿಕೆ ಹಲವರದು. ಗಟ್ಟಿ ಹೌದು, ಅದೇ ಅದರ ದೋಷ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವಷ್ಟು ಹಿತ್ತಾಳೆ ಹಿಗ್ಗುವುದಿಲ್ಲ. ನಡುವೆ ಒಣಗಿ ಕಲ್ಲಾದ ಅಂಟು ಬಾಗಲಾರದೆ ಬಿರುಕು ಬಿಡುತ್ತದೆ. ಕಿತ್ತು ಬರುವಾಗ ಕ್ರೋಮ್ ಪದರವನ್ನೂ ಎಳೆದು ತರುತ್ತದೆ, ಮತ್ತೆ ಹೊಸ ಗ್ರಿಲ್ಲೇ ಗತಿ. ಸಿಲಿಕೋನ್ ಬಾಗುತ್ತದೆ, ಆದರೆ ವಿನೆಗರ್ ವಾಸನೆಯ ಅಗ್ಗದ ಟ್ಯೂಬ್ ಹಿತ್ತಾಳೆಯನ್ನು ತಿನ್ನುತ್ತದೆ, ಅಂಚಿನಲ್ಲಿ ಹಸಿರು ಕಿಲುಬು ಬರುತ್ತದೆ. ಹಾಕಲೇಬೇಕಿದ್ದರೆ ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನು ಕೇಳಿ ತನ್ನಿ. ಅದೂ ಬೇರೆ ಹಿಡಿತದ ಜೊತೆಗೆ, ಅಲುಗಾಟ ತಡೆಯಲು ಮಾತ್ರ. ಅಯಸ್ಕಾಂತದ ಬಗ್ಗೆ ಒಂದೇ ಮಾತು: ಪ್ಲಾಸ್ಟಿಕ್ ಗ್ರಿಲ್‌ಗೆ ಹಿಡಿಯುವುದಿಲ್ಲ, ಹಳೆಯ ಜೀಪಿನ ಕಬ್ಬಿಣಕ್ಕೆ ಹಿಡಿದರೂ ಅಡಿಯಲ್ಲಿ ನೀರು ನಿಂತು ತುಕ್ಕು.

ಕೇಬಲ್ ಟೈ ನೋಡಲು ಬಡಪಾಯಿಯಾದರೂ ಗ್ರಿಲ್‌ನ ಸ್ವಭಾವಕ್ಕೆ ಟೇಪಿಗಿಂತ ಹತ್ತಿರ, ಏಕೆಂದರೆ ಅದು ಕಡ್ಡಿಯನ್ನು ಸುತ್ತಿ ಹಿಡಿಯುತ್ತದೆ. ಕಪ್ಪು, ಯುವಿ ತಾಳುವ, 4.8 ಮಿ.ಮೀ. ಅಗಲದ್ದನ್ನೇ ಕೊಳ್ಳಿ, ಬಿಳಿಯದು ಬಿಸಿಲಿಗೆ ಒಣಗಿ ಪಟಕ್ಕನೆ ಮುರಿಯುತ್ತದೆ. ಕನಿಷ್ಠ ನಾಲ್ಕು ಬೇಕು, ಎರಡು ಅಡ್ಡ, ಎರಡು ಓರೆ. ಲೋಗೋದ ಕೊರೆದ ಕಿಂಡಿಗಳಲ್ಲಿ ಟೈ ಹಾಯಿಸುವ ಮುನ್ನ ಆ ಅಂಚನ್ನು ಅರದಿಂದ ನಯ ಮಾಡಿ, ಇಲ್ಲದಿದ್ದರೆ ಪ್ರತಿ ಕುಲುಕಿಗೂ ಲೋಹ ಗರಗಸದಂತೆ ನೈಲಾನ್ ಕೊಯ್ಯುತ್ತದೆ. ಇನ್ನೊಂದು ತೊಂದರೆ ನಮ್ಮ ಹವೆಯದು. ಮಳೆಗಾಲದಲ್ಲಿ ನೈಲಾನ್ ನೀರು ಹೀರಿ ಸ್ವಲ್ಪ ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಪೆಡಸಾಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಮೇ ಕೊನೆಯಲ್ಲಿ, ಹಳತನ್ನು ಕತ್ತರಿಸಿ ಹೊಸತು ಹಾಕುವುದು ಸಲೀಸು. ಬಾಲವನ್ನು ಗಂಟಿಗೆ ಸಮನಾಗಿ ಕತ್ತರಿಸಿ, ಗಂಟು ಹಿಂದಕ್ಕಿರಲಿ. ಗಾಡಿ ಒರೆಸುವವರ ಬೆರಳು ಸೀಳಿದರೆ ಅವರ ಶಾಪ ನಿಮಗೇ. ಕದಿಯುವವನಿಗೆ ಇದು ಒಂದು ಕತ್ತರಿಯ ಕೆಲಸ, ಅದೂ ನೆನಪಿರಲಿ.

ಹಿತ್ತಾಳೆ ಲೋಗೋಗೆ ನಮ್ಮ ಆಯ್ಕೆ ಒಂದೇ: ಹಿಂದೆ ಪಟ್ಟಿ ಕೊಟ್ಟು, ಗ್ರಿಲ್ ಕಡ್ಡಿಗಳನ್ನು ನಡುವೆ ಸಿಕ್ಕಿಸಿ, ನಟ್ಟಿನಿಂದ ಬಿಗಿಯುವುದು. ಗ್ರಿಲ್‌ಗೆ ತೂತು ಬೇಡ. ಲೋಗೋದ ಬೆನ್ನಿಗೆ ಎಂ5 ಸ್ಟಡ್ (5 ಮಿ.ಮೀ. ದಪ್ಪದ, ತಲೆಯಿಲ್ಲದ ತಿರುಪು ಸರಳು) ಎರಡು. ಒಂದೇ ಆದರೆ ಲೋಗೋ ಗಡಿಯಾರದ ಮುಳ್ಳಿನಂತೆ ತಿರುಗಿಕೊಳ್ಳುತ್ತದೆ. 5 ಮಿ.ಮೀ. ಹಾಳೆಗೆ ತೂತು ಕೊರೆದು ಮರೆ (ಥ್ರೆಡ್) ಎಳೆಯಲು ಹೋದರೆ ಡ್ರಿಲ್ ಬಿಟ್ ಹಿತ್ತಾಳೆಯನ್ನು ಕಚ್ಚಿ ಮುಂದಕ್ಕೆ ನುಗ್ಗಿ ಮುಖವನ್ನೇ ತೂತು ಮಾಡೀತು. ಹಿತ್ತಾಳೆ ಸ್ಟಡ್ ಇಟ್ಟು ಬೆಸುಗೆ ಹಾಕಿಸುವುದೇ ಮೇಲು. ಅಕ್ರಿಲಿಕ್‌ಗೆ ಇದೇ ಬೇಕೆಂದರೆ 2 ಮಿ.ಮೀ. ಅಲ್ಯೂಮಿನಿಯಂ ತಗಡಿಗೆ, ತಲೆ ಮಟ್ಟಸವಾಗಿ ಒಳಗಿಳಿಯುವ ಎಂ4 ಕೌಂಟರ್‌ಸಂಕ್ ಸ್ಕ್ರೂ ಕೂರಿಸಿ, ಅದರ ಮುಖಕ್ಕೆ ಅಕ್ರಿಲಿಕನ್ನು ಟೇಪಿನಿಂದ ಪೂರ್ತಿ ಅಂಟಿಸಿ. ಅಲ್ಲಿ ಚಪ್ಪಟೆ ಜಾಗ ಸಿಗುತ್ತದೆ, ಟೇಪ್ ತನ್ನ ಕೆಲಸ ಮಾಡುತ್ತದೆ.

ಸ್ಟಡ್ ಉದ್ದವನ್ನು ಅಂದಾಜಿಗೆ ಬಿಡಬೇಡಿ. ಕಡ್ಡಿಯ ಆಳ 20 ಮಿ.ಮೀ., ಮುಂದೆ ಹಿಂದೆ ರಬ್ಬರ್ ಒಂದೂವರೆಯಂತೆ 3, ಹಿಂಪಟ್ಟಿ 1.5, ವಾಶರ್ 1, ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್) 5, ಮೇಲೆ ಉಳಿಯುವ ಮರೆ 2: ಒಟ್ಟು 32.5. ಎಂದರೆ 35ರ ಸ್ಟಡ್ ತಂದು ಹೆಚ್ಚಿನದನ್ನು ಕತ್ತರಿಸಬೇಕು. ಗ್ರಿಲ್ ಹಿಂದೆಯೇ ಎಸಿ ಕಂಡೆನ್ಸರ್ ಇರುತ್ತದೆ. ಸ್ಟಡ್ ತುದಿಗೂ ಅದಕ್ಕೂ 20 ಮಿ.ಮೀ. ಆದರೂ ಅಂತರವಿರಲಿ. ಪಾರ್ಕಿಂಗ್‌ನಲ್ಲಿ ಯಾರೋ ಮೆಲ್ಲಗೆ ತಾಗಿಸಿದರೂ ಉದ್ದ ಸ್ಟಡ್ ಕಂಡೆನ್ಸರ್‌ಗೆ ತೂತು ಹಾಕಿ ಗ್ಯಾಸ್ ಪೂರ್ತಿ ಹೋಗುತ್ತದೆ; ಲೋಗೋ ಉಳಿದು ಎಸಿ ಸತ್ತರೆ ಏನು ಲಾಭ?

ಹಿಂಪಟ್ಟಿ 304 ಸ್ಟೇನ್‌ಲೆಸ್, 25 ಮಿ.ಮೀ. ಅಗಲ, ಕನಿಷ್ಠ ಎರಡು ಕಡ್ಡಿ ದಾಟುವಷ್ಟು ಉದ್ದ. ಹಿತ್ತಾಳೆ ಸ್ಟಡ್ಡಿಗೆ ಅಲ್ಯೂಮಿನಿಯಂ ಪಟ್ಟಿ ಬೇಡ: ಮಳೆನೀರಿನಲ್ಲಿ ಎರಡೂ ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ. ಪಟ್ಟಿಯ ತೂತು 5.5 ಮಿ.ಮೀ. ರಬ್ಬರಿಗೆ ಹಳೆಯ ಸೈಕಲ್ ಟ್ಯೂಬ್ ತುಂಡು ಮಡಿಚಿ ಹಾಕಿದರೂ ನಡೆಯುತ್ತದೆ. 8ರ ಸ್ಪ್ಯಾನರ್‌ನಲ್ಲಿ ರಬ್ಬರ್ ಅಂಚು ಸ್ವಲ್ಪ ಉಬ್ಬುವವರೆಗೆ ಬಿಗಿದು ನಿಲ್ಲಿಸಿ. ಅದರಾಚೆ ತಿರುಗಿಸಿದರೆ ಕಡ್ಡಿ ಸೀಳುತ್ತದೆ. ಸ್ಪ್ರಿಂಗ್ ವಾಶರ್ ನಂಬಿ ಮಾಮೂಲಿ ನಟ್ ಹಾಕಿದ್ದು ರಬ್ಬರ್ ಕುಗ್ಗಿದ ಮೇಲೆ ಸಡಿಲವಾಯಿತು, ನೈಲಾಕ್ ಆಗಲಿಲ್ಲ. ಸ್ಟಡ್ಡೂ ನಟ್ಟೂ ಎರಡೂ ಸ್ಟೇನ್‌ಲೆಸ್ ಆದರೆ ಮರೆಗೆ ಒಂದು ಹನಿ ಎಣ್ಣೆ ಬಿಡಿ, ಇಲ್ಲದಿದ್ದರೆ ಅರ್ಧದಲ್ಲೇ ಕಚ್ಚಿಕೊಂಡು ಕೂರುತ್ತದೆ. ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ ಬಿಗಿತ ನೋಡಿ.

ಹಳೆಯ ಜೀಪಿನ ಒತ್ತಿ ತೆಗೆದ ಕಬ್ಬಿಣದ ಗ್ರಿಲ್‌ನಲ್ಲಿ ಮೇಲಿನ ತೀರ್ಪು ಪೂರ್ತಿ ತಲೆಕೆಳಗು. ಕಂಡಿಗಳ ಮೇಲೆ ಅಗಲವಾದ ಚಪ್ಪಟೆ ತಗಡು ಸಿಗುವುದರಿಂದ, ಬಣ್ಣ ಗಟ್ಟಿಯಿದ್ದರೆ, ಒಳ್ಳೆಯ ಟೇಪೇ ಗೆಲ್ಲುತ್ತದೆ. ಬಣ್ಣ ಎದ್ದಿದ್ದರೆ ಟೇಪ್ ಹಿಡಿಯುವುದು ಬಣ್ಣವನ್ನು, ಗಾಡಿಯನ್ನಲ್ಲ. ಅಲ್ಲಿ ಎಂ5 ಬೋಲ್ಟ್ ಹಾಕಿ, ಕೊರೆದ ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ. ಬರಿದೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ಕೆಂಪು ಗೆರೆ ಇಳಿಯುತ್ತದೆ.

ಕೂರಿಸುವ ಜಾಗವನ್ನೂ ನೋಡಿ. ಕತ್ತಿಯ ತುದಿ ಕೆಳಮುಖವಾಗಿ, ಗ್ರಿಲ್ ಅಂಚಿನೊಳಗೇ ಇರಲಿ. ಹೊರಗೆ ಚಾಚಿದರೆ ಕಾಫಿ ಗಿಡದ ರೆಂಬೆ ಸಿಕ್ಕಿಕೊಂಡು ಎಳೆಯುತ್ತದೆ, ಜನರಿಗೆ ತಾಗಿದರೆ ಗಾಯ. ನಂಬರ್ ಪ್ಲೇಟ್ ಮರೆಯಾಗಬಾರದು. ಮುಂದೆ ರಾಡಾರ್ ಇರುವ ಹೊಸ ಗಾಡಿಯಾದರೆ ಅದರೆದುರು ಲೋಹ ಬರಲೇಬಾರದು. ಬುಲ್ ಬಾರ್‌ಗೆ ಬಿಗಿಯುವ ಯೋಚನೆ ಬಿಡಿ, 2017ರ ಡಿಸೆಂಬರಿನಲ್ಲೇ ಅವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಟೇಪಿನ ಲೋಗೋ ತೆಗೆಯಬೇಕಾದರೆ ಬಿಸಿಗಾಳಿ ಕೊಟ್ಟು, ಮೀನಿನ ಗಾಳದ ದಾರವನ್ನು ಹಿಂದೆ ಹಾಯಿಸಿ ಗರಗಸದಂತೆ ಎಳೆಯಿರಿ. ಸ್ಕ್ರೂ ಡ್ರೈವರ್‌ನಿಂದ ಮೀಟಬೇಡಿ. ಆಯುಧಪೂಜೆಗೆ ಸೇವಂತಿಗೆ ಮಾಲೆಯನ್ನು ಲೋಗೋಗೆ ನೇತುಹಾಕುವವರಿದ್ದಾರೆ. ಒದ್ದೆ ಮಾಲೆ ಲೋಗೋಗಿಂತ ಭಾರ. ಅದನ್ನು ಬಂಪರ್‌ಗೆ ಕಟ್ಟಿ.