ದಿನಾ ನಡೆಯುವವರಿಗೆ ಜೇಬಿನ ಸ್ಟೆಪ್ ಕೌಂಟರ್ ಸಾಕು

ಕೈಗೆ ಕಟ್ಟುವ ಬ್ಯಾಂಡ್, ಜೇಬಲ್ಲಿ ಇಡುವ ಪುಟ್ಟ ಸ್ಟೆಪ್ ಕೌಂಟರ್, ಎರಡನ್ನೂ ಬಳಸಿ ನೋಡಿದ್ದೇನೆ. ಬರೀ ನಡಿಗೆಯ ಲೆಕ್ಕ ಬೇಕು ಅನ್ನೋರು ಜೇಬಿನದ್ದೇ ತಗೊಳ್ಳಿ.

ಬ್ಯಾಂಡ್ ಗಮನಿಸೋದು ಕೈಯ ಅಲುಗಾಟವನ್ನು. ನಿಂತಲ್ಲೇ ತರಕಾರಿ ಹೆಚ್ಚಿದರೂ ಒಂದಷ್ಟು ಹೆಜ್ಜೆ ಸೇರಿಸಿಬಿಡುತ್ತದೆ. ಅದೇ ಮಗುವಿನ ತಳ್ಳುಗಾಡಿ ಹಿಡಿದು ಎಷ್ಟೋ ದೂರ ನಡೆದರೆ, ಕೈ ಅಲ್ಲಾಡದೆ ಇರೋದರಿಂದ, ಅರ್ಧಂಬರ್ಧ ಎಣಿಸುತ್ತದೆ. ಸೊಂಟದ ಹತ್ತಿರ ಇದ್ದರೆ ಈ ತಾಪತ್ರಯ ತುಂಬಾ ಕಡಿಮೆ.

ಒಳಗೆ ಯಾವ ಸೆನ್ಸರ್ ಇದೆ ಅಂತ ಕೇಳಿಯೇ ಕೊಳ್ಳಿ. ಅಗ್ಗದ ಹಳೇ ಮಾದರಿಗಳಲ್ಲಿ ಸ್ಪ್ರಿಂಗ್‌ಗೆ ಸಿಕ್ಕಿಸಿದ ಸಣ್ಣ ಕಡ್ಡಿ ಹೆಜ್ಜೆಗೊಮ್ಮೆ ಮೇಲೆ ಕೆಳಗೆ ಆಡುತ್ತದೆ, ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನುತ್ತದೆ. ಅದು ಸೊಂಟದಲ್ಲಿ ನೆಟ್ಟಗೆ ನಿಲ್ಲಬೇಕು. ಹೊಟ್ಟೆ ಮುಂದೆ ಬಂದವರಲ್ಲಿ ವಾಲಿಕೊಂಡು ಲೆಕ್ಕ ತಪ್ಪುತ್ತದೆ, ನಿಧಾನ ನಡೆಯೋ ಹಿರಿಯರ ಹೆಜ್ಜೆಗಳಂತೂ ಅದಕ್ಕೆ ಸರಿಯಾಗಿ ಸಿಗೋದೇ ಇಲ್ಲ. ಎಲ್ಲಾ ದಿಕ್ಕಿನ ಅಲುಗಾಟವನ್ನೂ ಗುರುತಿಸುವ ತ್ರೀ-ಡಿ ಸೆನ್ಸರ್ ಇರೋದಾದರೆ ಜೇಬಲ್ಲಿ ಹೇಗೆ ಬಿದ್ದಿದ್ದರೂ ನಡೆಯುತ್ತದೆ.

ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ. ಈಗಿನ ಸಂಖ್ಯೆ ಬರೆದುಕೊಂಡು, ಮನಸ್ಸಲ್ಲೇ ಎಣಿಸುತ್ತಾ 100 ಹೆಜ್ಜೆ ನಿಮ್ಮ ಮಾಮೂಲಿ ವೇಗದಲ್ಲಿ ನಡೆದು ನೋಡಿ. 97ರಿಂದ 103ರ ಒಳಗೆ ತೋರಿಸಿದರೆ ಇಟ್ಟುಕೊಳ್ಳಿ, ಜಪಾನಿನ ಮಾನದಂಡ ಒಪ್ಪುವ ತಪ್ಪೂ ನೂರಕ್ಕೆ ಮೂರೇ. ಶುರುವಿನ ಕೆಲವು ಸೆಕೆಂಡ್ ಸಂಖ್ಯೆ ಅಲ್ಲಾಡದಿದ್ದರೆ ಗಾಬರಿ ಬೇಡ. ಇದು ನಿಜವಾದ ನಡಿಗೆಯೇ ಅಂತ ಖಚಿತವಾದ ಮೇಲೆ ಹಿಂದಿನದ್ದನ್ನೂ ಸೇರಿಸಿ ತೋರಿಸುವ ಮಾದರಿಗಳು ಬಹಳ ಇವೆ. ಮನೆಯೊಳಗೆ ಮೂರು ನಾಲ್ಕು ಹೆಜ್ಜೆ ಇಟ್ಟಿದ್ದು ಲೆಕ್ಕಕ್ಕೆ ಬರದೇ ಇರೋದೂ ಇದರಿಂದಲೇ.

ಕ್ಯಾಲೊರಿ ಸಂಖ್ಯೆ ಬರೀ ಅಂದಾಜು, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ದೂರ ಬೇಕಿದ್ದರೆ ಹತ್ತು ಹೆಜ್ಜೆಯ ಅಳತೆ ತೆಗೆದು ಹತ್ತರಿಂದ ಭಾಗಿಸಿ, ಆ ಉದ್ದವನ್ನು ಸೆಟ್ ಮಾಡಿ.

ಗುರಿ ಬದಲಾಯಿಸಲು ಬರುವ ಮಾದರಿಯೇ ಇರಲಿ. ದಿನಕ್ಕೆ 10,000 ಹೆಜ್ಜೆ ಅನ್ನೋದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಸ್ಟೆಪ್ ಕೌಂಟರಿನಿಂದ ಹಬ್ಬಿದ ಸಂಖ್ಯೆ. ವಯಸ್ಸಾದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಗೇ ಸಾವಿನ ಅಪಾಯ ಕಡಿಮೆ ಕಂಡಿತ್ತು, 7,500ರ ಆಚೆ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಅಮ್ಮನಿಗೋ ಅಜ್ಜಿಗೋ ಕೊಡಿಸುವವರು ಇದನ್ನು ಮರೀಬೇಡಿ.

ಏಳು ದಿನದ ಮೆಮೊರಿ, ನಡುರಾತ್ರಿ ತಾನೇ ಸೊನ್ನೆಯಾಗೋದು, ಸುಲಭವಾಗಿ ಸಿಗುವ ಬಟನ್ ಸೆಲ್, ಇಷ್ಟಿದ್ದರೆ ಸಾಕು. ಜೊತೆಗೆ ದಾರ ಕೊಟ್ಟಿದ್ದರೆ ಕಟ್ಟಿಕೊಳ್ಳಿ, ಕೂತು ಏಳುವಾಗ ಕ್ಲಿಪ್ ಜಾರಿ ಬೀಳೋದು ಜಾಸ್ತಿ.