ಗುಳ್ಳದ ಎಲೆಗೆ ಯಾವ ಪರೀಕ್ಷೆ ಒಗ್ಗುತ್ತದೆ?

ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಅದಕ್ಕೂ ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕುಲಾಂತರಿಗೊಳಿಸಿದ್ದ ಸ್ಥಳೀಯ ತಳಿಗಳಲ್ಲಿ ಉಡುಪಿಯ ದುಂಡು ಬದನೆ, ಉಡುಪಿ ಗುಳ್ಳವೂ ಇತ್ತು. 2011ರಲ್ಲಿ ಉಡುಪಿಯ ಮಟ್ಟು ಊರಿನ ಗುಳ್ಳಕ್ಕೆ, ಅಂದರೆ ಮಟ್ಟುಗುಳ್ಳಕ್ಕೆ, ಭೌಗೋಳಿಕ ಸೂಚಕ ಸಿಕ್ಕಿತು. ಅಂಥ ತಳಿಯ ಶುದ್ಧತೆಯನ್ನು ಯಾರಾದರೂ ಪ್ರಶ್ನಿಸಿದರೆ ಬೆಳೆಗಾರರ ಕೈಯಲ್ಲಿ ಗಟ್ಟಿ ಉತ್ತರ ಇರಬೇಕೆಂಬುದು ನನ್ನ ಹಂಬಲ. ಅದಕ್ಕಾಗಿ ಮಂಗಳೂರಿನ ಪ್ರಯೋಗಾಲಯದಲ್ಲಿ ಮೂರು ವಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಹುಡುಕಿದ್ದು ಆ ಜೀನಿನಿಂದ ಬಿಟಿ ಬದನೆಯಲ್ಲೂ ಬಿಟಿ ಹತ್ತಿಯಲ್ಲೂ ತಯಾರಾಗುವ ಕ್ರೈ1ಎಸಿ ಪ್ರೋಟೀನನ್ನು. ಗುಳ್ಳದ ಎಲೆಯ ಸಾರವನ್ನು ಹಾಗೆಯೇ ಒಮ್ಮೆ, ಬಿಟಿ ಹತ್ತಿಯ ಎಲೆಯ ಸಾರ ಬೆರೆಸಿ ಇನ್ನೊಮ್ಮೆ ಪರೀಕ್ಷಿಸಿದೆ.

ಪಟ್ಟಿ ಪರೀಕ್ಷೆ ಗದ್ದೆಯ ಬದುವಿನಲ್ಲೇ ಆಗುತ್ತದೆ. ಎಲೆ ಅರೆದು, ಬಫರಿನಲ್ಲಿ ಕಲಸಿ, ಪಟ್ಟಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಗೆರೆ ಮಸುಕಾದರೆ ಮಾತ್ರ ಒಬ್ಬರು ಇದೆ ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ. ಆಟಿ ತಿಂಗಳ ಮಳೆಯ ತೇವಕ್ಕೆ ಪಟ್ಟಿಯ ಡಬ್ಬಿಯನ್ನು ತೆರೆದಿಡಲೇಬಾರದು.

ತಟ್ಟೆಯ ಪುಟ್ಟ ಗುಳಿಗಳಲ್ಲಿ ಪ್ರೋಟೀನನ್ನು ಹಿಡಿದು ಬಣ್ಣದಿಂದ ಅಳೆಯುವ ಎಲಿಸಾಕ್ಕೆ ಅರ್ಧ ದಿನ ಬೇಕು, ಆ ಬಣ್ಣವನ್ನು 450 ನ್ಯಾನೊಮೀಟರಿನ ಬೆಳಕಿನಲ್ಲಿ ಓದುವ ಯಂತ್ರವೂ ಬೇಕು. ಆದರೂ ಇವತ್ತಿಗೆ ನಾನು ನೆಚ್ಚುವುದು ಇದನ್ನೇ. ಪ್ರತಿ ಹಂತದಲ್ಲೂ ಗುಳಿಗಳನ್ನು ತೊಳೆಯುವುದರಿಂದ ಎಲೆಯ ಬೇಡದ ರಸವೆಲ್ಲ ಹೊರಟುಹೋಗುತ್ತದೆ.

ನನ್ನ ಆಸೆಯೆಲ್ಲ ಇದ್ದದ್ದು ವಿದ್ಯುದ್ರಾಸಾಯನಿಕ ಸಂವೇದಕದ ಮೇಲೆ. ಇಂಗಾಲದ ಶಾಯಿಯಲ್ಲಿ ಮುದ್ರಿಸಿದ ಎಲೆಕ್ಟ್ರೋಡಿನ ಮೇಲೆ ಕ್ರೈ1ಎಸಿಯನ್ನಷ್ಟೇ ಹಿಡಿಯುವ ಪ್ರತಿಕಾಯ ಕೂರಿಸಿ, ಎಲೆಕ್ಟ್ರಾನುಗಳನ್ನು ಸುಲಭವಾಗಿ ಕೊಟ್ಟು ತೆಗೆದುಕೊಳ್ಳುವ ಫೆರಿಸಯನೈಡ್–ಫೆರೊಸಯನೈಡ್ ದ್ರಾವಣದಲ್ಲಿ ಕರೆಂಟು ಅಳೆಯುತ್ತೇವೆ. ಕ್ರೈ1ಎಸಿ ಬಂದು ಅಂಟಿದರೆ ಎಲೆಕ್ಟ್ರಾನುಗಳ ದಾರಿ ಕಟ್ಟಿ ಕರೆಂಟು ಇಳಿಯುತ್ತದೆ. ಅಂಗೈಯಗಲದ ಉಪಕರಣ ಸಾಕು, ಉತ್ತರವೂ ಸಂಖ್ಯೆಯಲ್ಲೇ ಬರುತ್ತದೆ. ಹತ್ತಿಯ ಎಲೆಯೊಂದನ್ನೇ ಕೊಟ್ಟಾಗ ಇಳಿಕೆ ಸ್ಪಷ್ಟವಾಗಿತ್ತು.

ಗುಳ್ಳದ ಎಲೆ ಬಂದಾಗ ಲೆಕ್ಕ ಕೆಟ್ಟಿತು. ಹೆಚ್ಚಿದ ಬದನೆ ಕಪ್ಪಾಗಲು ಕಾರಣವಾದ ಕ್ಲೋರೊಜೆನಿಕ್ ಆಮ್ಲ ಎಲೆಯಲ್ಲೂ ಇದೆ. ಅದು ಆಕ್ಸಿಡೀಕರಣಗೊಂಡು ಎಲೆಕ್ಟ್ರೋಡಿನ ಮೇಲೆ ಪೊರೆಗಟ್ಟುತ್ತದೆ. ಆಗಲೂ ಕರೆಂಟು ಇಳಿಯುತ್ತದೆ! ಬಿಟಿಯ ಸೋಂಕೇ ಇಲ್ಲದ ಗುಳ್ಳ ಬಿಟಿಯಂತೆ ಕಾಣುತ್ತದೆ. ಬೆಳೆಗಾರನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಕ್ಲೋರೊಜೆನಿಕ್ ಆಮ್ಲದಂಥ ಫಿನಾಲುಗಳನ್ನು ಹಿಡಿದಿಡುವ ಪಿವಿಪಿಪಿ ಪುಡಿಯನ್ನು ಅರೆಯುವಾಗಲೇ ಸೇರಿಸಿ, ಸಾರವನ್ನು ಚೆನ್ನಾಗಿ ತೆಳುಗೊಳಿಸಿದ ಮೇಲೆ ಸ್ಥಿತಿ ಸುಧಾರಿಸಿತು. ಪೂರ್ತಿ ನಂಬಿಕೆ ಬಂದದ್ದು ಪಕ್ಕದಲ್ಲಿ ಇನ್ನೊಂದು ಎಲೆಕ್ಟ್ರೋಡ್ ಇಟ್ಟು, ಅದಕ್ಕೆ ಸಂಬಂಧವಿಲ್ಲದ ಪ್ರತಿಕಾಯ ಕೂರಿಸಿ, ಅದರ ಇಳಿಕೆಯನ್ನು ಕಳೆದಾಗ.

ಇಂಥ ಜೋಡಿ ಎಲೆಕ್ಟ್ರೋಡ್ ಇಲ್ಲದ ಉಪಕರಣವನ್ನು ಬದನೆಗೆಂದು ಕೊಳ್ಳುವವರು, ಬಿಟಿ ಅಲ್ಲವೆಂದು ಖಚಿತವಾಗಿರುವ ಗುಳ್ಳದ ಎಲೆಯನ್ನು ಮಾರುವವರ ಎದುರಿಗೇ ಅರೆದುಕೊಟ್ಟು ಮೊದಲು ಅದನ್ನು ಓದಿಸಲಿ.