ಕೊನೆಯ ಹಾಳೆ ಇದೆಯಾ ನೋಡಿ ತಗೊಳ್ಳಿ

ಮೈಸೂರಿನ ದೇವರಾಜ ಅರಸು ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಹಳೇ ಪುಸ್ತಕದ ಅಂಗಡಿ ಸಿಗುತ್ತದೆ. ದೂರೂ ಇದೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ನಾನು ದಿನಾ ಮಂಡ್ಯದಿಂದ ರೈಲಿನಲ್ಲಿ ಕೆಲಸಕ್ಕೆ ಬರುವವಳು. ಸೀಟು ಸಿಕ್ಕ ದಿನ ಓದು, ಸಿಗದ ದಿನ ಸುಮ್ನೆ ನಿದ್ದೆಗಣ್ಣು. ಒಂದು ವರ್ಷದಿಂದ ಆ ಓದೆಲ್ಲ ಕಪ್ಪು ಜನಾಂಗದ ಲೇಖಕರ ಕಾದಂಬರಿಗಳದ್ದೇ. ಎಲ್ಲಾ ಈ ಅಂಗಡಿಯವೇ.

ಮುಖಬೆಲೆಯ ಅರ್ಧಕ್ಕೆ ಕೊಡುತ್ತಾರೆ. ಓದಿ ವಾಪಸ್ ತಂದರೆ ಅದರಲ್ಲೂ ಅರ್ಧ ನಮಗೆ. ದೂಳು ಜಾಸ್ತಿ, ಫ್ಯಾನ್ ಒಂದೇ, ಅದೂ ಯಜಮಾನರ ಕಡೆಗೇ ತಿರುಗಿರುತ್ತದೆ.

ಮೊದಲು ಸಿಕ್ಕಿದ್ದು ಚಿನುವ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್'. ನೈಜೀರಿಯಾದ ಕಥೆ, 1958ರದ್ದು. ಕಿತ್ತಳೆ ಬಣ್ಣದ ರಟ್ಟು. ಅದರಲ್ಲಿ ಒಕೊಂಕ್ವೊ ಅನ್ನುವ ಹುಡುಗ ಊರಿನ ಸಾಹುಕಾರನ ಹತ್ತಿರ ಹೋಗಿ ಬಿತ್ತನೆಗೆ 800 ಗೆಣಸು ಕಡ ತರುತ್ತಾನೆ. ಬೆಳೆದದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಅವನಿಗೆ. ಆ ವರ್ಷವೇ ಮಳೆ ಕೈಕೊಡುತ್ತದೆ. ಆಮೇಲೆ ಸುರಿದರೆ ಗೆಣಸಿನ ಗುಡ್ಡೆಗಳೇ ಕೊಚ್ಚಿಹೋಗುವಷ್ಟು. ರಾತ್ರಿ ಊಟ ಆದ ಮೇಲೆ ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಕಬ್ಬು ಬೆಳೆದವರು, ಕಾಲುವೆಗೆ ನೀರು ಬಿಡದ ವರ್ಷಗಳನ್ನು ಬೆರಳಲ್ಲಿ ಎಣಿಸುವವರು. "ಮೂರಲ್ಲಿ ಒಂದಾ? ನಮ್ ಕಡೆ ಬೇರೆಯವರ ಜಮೀನು ವಾರಕ್ಕೆ ಮಾಡಿದ್ರೂ ಅರ್ಧ ಸಿಗ್ತಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬಿತ್ತನೆ ವಾಪಸ್ ಕೊಟ್ನಾ ಅವ್ನು?" ಅಂತ ಕೇಳಿದರು.

ಆ ಬರಗಾಲದಲ್ಲಿ ಒಬ್ಬ ರೈತ ತನ್ನ ಬಟ್ಟೆಯನ್ನೇ ಕೊಂಬೆಗೆ ಕಟ್ಟಿ ನೇಣು ಹಾಕಿಕೊಳ್ಳುತ್ತಾನೆ. ಅವನಿಗೆ ಹೆಸರೂ ಇಲ್ಲ, ಒಂದೇ ಸಾಲು. ಅದನ್ನು ಅಪ್ಪನಿಗೆ ಹೇಳಲಿಲ್ಲ.

ಈಗ ದೂರು. ನನ್ನ ಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಅದು ನನಗೆ ಗೊತ್ತೂ ಆಗಲಿಲ್ಲ! ಬಿಳಿಯರು ಬಂದು ಊರನ್ನು ಆಳತೊಡಗಿದ ಮೇಲೆ ಒಕೊಂಕ್ವೊ ಕೊನೆಗೆ ತಾನೂ ನೇಣು ಹಾಕಿಕೊಂಡಿರುತ್ತಾನೆ. ಅವನ ಗೆಳೆಯ ಒಬಿಯೆರಿಕ ಬಿಳಿ ಅಧಿಕಾರಿಗೆ, ಇವನು ಸಾಯುವ ಹಾಗೆ ಮಾಡಿದ್ದು ನೀವೇ ಅನ್ನುತ್ತಾನೆ. ನನ್ನ ಪುಸ್ತಕ ಅಲ್ಲಿಗೇ ಮುಗಿದಿತ್ತು. ಶ್ರೀರಂಗಪಟ್ಟಣ ದಾಟುವಾಗ ಮುಚ್ಚಿಟ್ಟು ಹೊಳೆ ನೋಡುತ್ತಾ ಕೂತೆ. ಎಂಥ ಮುಕ್ತಾಯ ಅಂತ ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಫೀಸಿನ ಗೆಳತಿಯ ಪ್ರತಿಯಲ್ಲಿ ಆ ಹಾಳೆ ಇತ್ತು. ಅಧಿಕಾರಿ ವಾಪಸ್ ಹೋಗುತ್ತಾ ತಾನು ಬರೆಯಬೇಕೆಂದಿರುವ ಪುಸ್ತಕದ ಬಗ್ಗೆ ಯೋಚಿಸುತ್ತಾನೆ. ಈ ಸತ್ತವನ ಮೇಲೆ ಒಂದು ಅಧ್ಯಾಯ ಬರೆಯಬಹುದು ಅಂದುಕೊಂಡು, ಬೇಡ, ಒಂದು ಪ್ಯಾರಾ ಸಾಕು ಅನ್ನುತ್ತಾನೆ. ಇಡೀ ಕಾದಂಬರಿ ಓದಿ ಬಂದವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ನಾನು ಅಳು ಬರುವ ಜಾಗದಲ್ಲಿ ನಿಂತುಬಿಟ್ಟಿದ್ದೆ. ಸಿಟ್ಟು ಬರುವ ಜಾಗ ಆ ಹರಿದ ಹಾಳೆಯಲ್ಲಿತ್ತು.

ಟೋನಿ ಮಾರಿಸನ್ನರ 'ಬಿಲವೆಡ್' ಕೂಡ ಇಲ್ಲೇ ಸಿಕ್ಕಿತು, 'ಆಫ್ರಿಕಾ' ಅಂತ ಚೀಟಿ ಅಂಟಿಸಿದ ಕಪಾಟಿನಲ್ಲಿ. ಅವರು ಅಮೆರಿಕಾದ ಓಹಿಯೋದವರು ಸಾರ್ ಅಂದರೆ, "ಗಿರಾಕಿಗಳು ಕೇಳೋದೇ ಹಾಗೆ ಮೇಡಂ" ಅಂದರು ಯಜಮಾನರು. ರೈಲಿನಲ್ಲಿ ಓದುವ ಪುಸ್ತಕ ಅಲ್ಲ ಅದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಸೆಥೆ ಅನ್ನುವವಳ ಬೆನ್ನಿನ ಮೇಲೆ ಚಾಟಿಯೇಟಿನ ಗಾಯ ಒಣಗಿ ಮರದ ಆಕಾರ ತಾಳಿರುತ್ತದೆ. ಅಲ್ಲಿಗೆ ಬಂದಾಗ ಪಕ್ಕದಲ್ಲಿ ಯಾರೋ ಚುರುಮುರಿ ತಿನ್ನುತ್ತಿದ್ದರು. ಮುಚ್ಚಿಬಿಟ್ಟೆ. ಇನ್ನೂ ಅರ್ಧ ಉಳಿದಿದೆ.

ಹಾಳೆ ಹರಿದ ಪುಸ್ತಕ ಹಿಡಿದು ಅಂಗಡಿಗೆ ಹೋದೆ. ಯಜಮಾನರು ವಾದ ಮಾಡಲಿಲ್ಲ. ಬೇರೆ ಪ್ರತಿ ಹುಡುಕಿ ಕೊಟ್ಟರು, ದುಡ್ಡೂ ಕೇಳಲಿಲ್ಲ. ಅದಕ್ಕೆ ಪೂರ್ತಿ ಅಂಕ. ಆದರೆ ಹರಿದದ್ದರ ಮೇಲೆ 40 ರೂಪಾಯಿ ಅಂತ ಬರೆದು ಅದೇ ಕಪಾಟಿಗೆ ಸೇರಿಸಿಬಿಟ್ಟರು. ಅವರು ಆ ಕಡೆ ತಿರುಗಿದಾಗ ನಾನು ಅದನ್ನು ತೆಗೆದು, ಕೊನೆಯಲ್ಲಿ ಪೆನ್ಸಿಲ್ಲಿನಿಂದ "ಇನ್ನೂ ಒಂದು ಹಾಳೆ ಇದೆ" ಅಂತ ಬರೆದು ಬಂದಿದ್ದೇನೆ.